ಚೆಲುವಿಯ ಚಿತ್ರಪಟ

ನಮ್ಮ ಸೋದರತ್ತೆಗೆ ತಲೆ ಕೆಟ್ಟಿದೆ ಎಂದು ಭದ್ರಾವತಿಯ ಹಳೇ ಊರಿನಲ್ಲಿ ಯಾರಾದರೂ ಹೇಳಿದರೆ ನಾನು ಜಗಳಕ್ಕೆ ಹೋಗುತ್ತಿರಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗಲಿ? ಮದುವೆಯ ದಿನವೂ ಕ್ಯಾಮೆರಾಕ್ಕೆ ಬೆನ್ನು ತಿರುಗಿಸಿ ನಿಂತಿದ್ದ ಹೆಂಗಸು, ತನ್ನ ಎಮ್ಮೆಯ ಚಿತ್ರ ಬರೆಸಲು ಹೊರಟಿದ್ದರು. ಅದೂ ಬಣ್ಣದ್ದು, ಗಾಜು ಕಟ್ಟು ಹಾಕಿಸಿದ್ದು!

ಆಗ ನನಗೆ ಕಾರ್ಖಾನೆಯಲ್ಲಿ ಗುಮಾಸ್ತನ ಕೆಲಸ ಸಿಕ್ಕಿತ್ತು. ಅತ್ತೆಯ ಮನೆಯಲ್ಲೇ ಊಟ, ವಾಸ. ಮಾವ ಅದೇ ಕಾರ್ಖಾನೆಯಲ್ಲಿ ಮೇಸ್ತ್ರಿ. ಅವರು ಗದರಿದರೆ ಕುಲುಮೆಯ ಬೆಂಕಿಯೂ ಸ್ವಲ್ಪ ತಗ್ಗುತ್ತದೆ ಎಂದು ಜನ ಆಡಿಕೊಳ್ಳುತ್ತಿದ್ದರು. ಮನೆಯಲ್ಲಿ ಮಾತ್ರ ಅವರದು ಎರಡನೆಯ ದರ್ಜೆ. ಮೊದಲ ದರ್ಜೆ ಹಿತ್ತಿಲಿನಲ್ಲಿ ಮೆಲುಕು ಹಾಕುತ್ತಿದ್ದ ಚೆಲುವಿಗೆ. ಅತ್ತೆ ಅದಕ್ಕೆ ತಲೆ ಬಾಚುತ್ತಿದ್ದರು! ನಗಬೇಡಿ, ಕಣ್ಣಾರೆ ಕಂಡಿದ್ದೇನೆ. ಕೊಂಬುಗಳ ನಡುವಿನ ಹಿಡಿಗೂದಲಿಗೆ ಹರಳೆಣ್ಣೆ ತಿಕ್ಕಿ, ಬೈತಲೆ ತೆಗೆದು, "ನೋಡೋ, ಈಗ ಹೆಂಗಿದಾಳೆ?" ಎಂದು ನನ್ನನ್ನು ಕೇಳುತ್ತಿದ್ದರು. "ಲಕ್ಷಣವಾಗಿದಾಳೆ ಅತ್ತೆ" ಎನ್ನದಿದ್ದರೆ ಆ ದಿನದ ಕಾಫಿ ನೀರಾಗಿರುತ್ತಿತ್ತು.

ಮೊದಲು ಫೋಟೋ ತೆಗೆಸುವುದೆಂದು ತೀರ್ಮಾನವಾಯಿತು. ನ್ಯೂ ಟೌನಿನಿಂದ ಫೋಟೋಗ್ರಾಫರ್ ಬಂದ. ಅವನು ಕರಿಬಟ್ಟೆಯೊಳಗೆ ತಲೆ ತೂರಿಸಿದ್ದೇ ತಡ, ಚೆಲುವಿ ಅದನ್ನು ಇನ್ನೊಂದು ಎಮ್ಮೆ ಎಂದು ತಿಳಿಯಿತೋ ಏನೋ, ಹತ್ತಿರ ಹೋಗಿ ಪ್ರೀತಿಯಿಂದ ನೆಕ್ಕಿತು. ಅವನು ಕಿರುಚಿಕೊಂಡು ಗೊಬ್ಬರದ ಗುಂಡಿಗೆ ಹಾರಿದ. ಆದರೂ ಛಲದ ಮನುಷ್ಯ, ಒಂದು ಫೋಟೋ ತೆಗೆದೇ ಹೋದ. ತೊಳೆಸಿ ತಂದಾಗ ನೋಡಿದರೆ ಪೂರ್ತಿ ಕಪ್ಪು. ನಡುವೆ ಎರಡು ಬಿಳಿ ಚುಕ್ಕೆ.

"ಇದೇನ್ರೀ ಇದು?" ಎಂದರು ಅತ್ತೆ.

"ಕಣ್ಣು ಅಮ್ಮಾ."

"ಉಳಿದಿದ್ದೆಲ್ಲಾ?"

"ಅದೇ ಎಮ್ಮೆ."

ಮಾವ ಅಪರೂಪಕ್ಕೆ ಬಾಯಿಬಿಟ್ಟರು: "ಚೆನ್ನಾಗೇ ಬಂದಿದೆಯಲ್ಲ ಮಾರಾಯ್ತಿ! ರಾತ್ರಿ ಹಿತ್ತಿಲಿಗೆ ಹೋದ್ರೆ ನನಗೆ ಕಾಣೋದೂ ಇಷ್ಟೇ."

ಆ ಮಾತಿಗೆ ಎರಡು ದಿನ ಸಾರಿಗೆ ಉಪ್ಪು ಬೀಳಲಿಲ್ಲ. ಮೂರನೆಯ ದಿನ ಅತ್ತೆ ನನ್ನನ್ನು ಶಿವಮೊಗ್ಗಕ್ಕೆ ಅಟ್ಟಿದರು, ಪೇಂಟರನ್ನು ಕರೆತರಲು.

ನನಗೆ ಸಿಕ್ಕವರು ಸಿನಿಮಾ ಬೋರ್ಡು ಬರೆಯುವ ಒಬ್ಬ ಸಾಹೇಬರು. ಗಾಂಧಿಬಜಾರಿನಲ್ಲಿ ಅವರ ಕೈಚಳಕದ ಮಾತೇ ಮಾತು. ಅವರು ಬರೆದ ನಾಯಕಿಯ ಕಣ್ಣು ನೋಡುತ್ತಾ ಜಟಕಾ ಓಡಿಸಿ ಚರಂಡಿಗಿಳಿದವರು ಎಷ್ಟೋ ಮಂದಿಯಂತೆ. "ಎಮ್ಮೆ ಬರೀಬೇಕು ಸಾಹೇಬ್ರೆ" ಎಂದೆ. ಅವರು ಬ್ರಷ್ಷು ಕೆಳಗಿಟ್ಟು ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದರು.

"ಯಾವ ಪಿಕ್ಚರ್‌ದು?"

"ಪಿಕ್ಚರ್‌ದಲ್ಲ, ನಮ್ಮತ್ತೇದು."

ಬಂದರು. ಹಿತ್ತಿಲಿನಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಅತ್ತೆ ಅವರ ಬೆನ್ನ ಹಿಂದೆ ನಿಂತು ಬ್ರಷ್ಷಿನ ಪ್ರತಿ ಗೀರನ್ನೂ ಕಾವಲು ಕಾದರು. "ಎಡಗಿವಿ ಸ್ವಲ್ಪ ಜೋತಿದೆ, ಗಮನಿಸಿದ್ರಾ? ಮೈ ಅಷ್ಟು ಕಪ್ಪಲ್ಲ ಸಾಹೇಬ್ರೆ, ನೇರಳೆ ಹಣ್ಣಿನ ಬಣ್ಣ." ಸಾಹೇಬರು ಎಲ್ಲಕ್ಕೂ "ಹೌದಮ್ಮಾ, ಆಯ್ತಮ್ಮಾ" ಎನ್ನುತ್ತಾ ಕೈಗೆ ಬಂದದ್ದನ್ನೇ ಬರೆದರು. ಕೊನೆಗೆ ಮುಗಿದ ಚಿತ್ರ ನೋಡಿದಾಗ ನನಗೆ ನಗು ತಡೆಯಲಾಗದೆ ಬಾವಿಕಟ್ಟೆಗೆ ಓಡಬೇಕಾಯಿತು. ಚೆಲುವಿಗೆ ಬಾಗಿದ ಹುಬ್ಬು! ಉದ್ದನೆಯ ರೆಪ್ಪೆ! ಕೆನ್ನೆಯಲ್ಲಿ ನಸುಗೆಂಪು! ಹಿಂದೆ ಹಿಮದ ಬೆಟ್ಟ, ಪಕ್ಕದಲ್ಲಿ ತಾವರೆಕೊಳ. ಇನ್ನೇನು, ಯಾರೋ ಮರದ ಮರೆಯಿಂದ ಬಂದು ಹಾಡು ಶುರು ಮಾಡಬೇಕು, ಹಾಗಿತ್ತು.

ಅತ್ತೆ ಬಹಳ ಹೊತ್ತು ನೋಡಿದರು. ಸಾಹೇಬರ ಹಣೆಯಲ್ಲಿ ಬೆವರು.

"ತುಟಿಗೆ ಬಣ್ಣ ಯಾಕೆ ಸಾಹೇಬ್ರೆ?"

"ಕೈಗೆ ಅಭ್ಯಾಸ ಆಗ್ಬಿಟ್ಟಿದೆ ಅಮ್ಮಾ. ಹೆಣ್ಣು ಅಂದ್ರೆ ತಾನೇ ಬಂದ್ಬಿಡುತ್ತೆ."

"ತುಟೀದು ಒರೆಸಿ. ಕಣ್ಣು ಇರ್ಲಿ." ಚೆಲುವಿಯ ಕಡೆ ತಿರುಗಿ ಅತ್ತೆ ಹೇಳಿದರು, "ಅವಳ ಕಣ್ಣು ಇರೋದೇ ಹಾಗೆ."

ಸಾಹೇಬರು ಊಟ ಮಾಡಿ, ಚೆಲುವಿಯ ಮೊಸರನ್ನು ಹೊಗಳಿ ಹೋದರು. ನಿಜವಾದ ರಂಪ ಶುರುವಾದದ್ದು ಚಿತ್ರ ತೂಗುಹಾಕುವಾಗ. ನಡುಮನೆಯಲ್ಲಿ ಗಟ್ಟಿ ಮೊಳೆ ಇದ್ದದ್ದು ಒಂದೇ, ಅದರ ಮೇಲೆ ಮಾವನ ತಂದೆಯವರು ಪೇಟ ಸುತ್ತಿಕೊಂಡು ವಿರಾಜಮಾನರಾಗಿದ್ದರು. ಅತ್ತೆ ಅವರನ್ನು ಇಳಿಸಿದರು.

"ನಮ್ಮಪ್ಪನ ಜಾಗಕ್ಕೆ ಎಮ್ಮೇನಾ?" ಮಾವನ ಗಂಟಲಿಗೆ ಹೆಂಚು ನಡುಗಿತು.

"ಅವರು ಬದುಕಿದ್ದಾಗ ಒಂದು ಲೋಟ ನೀರಾದ್ರೂ ನನ್ನ ಕೈಗೆ ಕೊಟ್ಟಿದ್ರಾ? ಇವಳು ದಿನಾ ಹಾಲು ಕೊಡ್ತಾಳೆ."

ಮಾವ ಪಂಚೆ ಕೊಡವಿ ಜಗಲಿಗೆ ಹೋದರು. ಅಂದಿನಿಂದ ಮನೆಗೆ ನೆಂಟರು ಬಂದರೆ ಅವರನ್ನು ಜಗಲಿಯಲ್ಲೇ ಕೂರಿಸಿ ಕಳುಹಿಸುತ್ತಿದ್ದರು. ಕಾರ್ಖಾನೆಯ ಜೊತೆಗಾರರು "ಏನ್ ಮೇಸ್ತ್ರಿ, ಹೊಸ ಹೀರೋಯಿನ್ ಬಂದಿದಾಳಂತೆ ಮನೆಗೆ!" ಎಂದು ಕಾಡಿಸಿದಾಗ, "ಆ ಚಿತ್ರ ಇರೋ ಗೋಡೆ ಕಡೆ ನಾನು ತಲೆ ಎತ್ತೋದಿಲ್ಲ" ಎಂದು ಎಲ್ಲರ ಮುಂದೆ ಆಣೆ ಮಾಡಿದರು. ಆಣೆಯಂತೆ ತಲೆ ತಗ್ಗಿಸಿಯೇ ಉಣ್ಣುತ್ತಿದ್ದರು ಕೂಡ.

ಮರುವರ್ಷ ಅತ್ತೆಗೆ ಹೊಟ್ಟೆನೋವು ಜೋರಾಗಿ ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದೆವು. ಆಪರೇಷನ್ ಆಯಿತು, ಚೆನ್ನಾಗಿಯೇ ಆಯಿತು. ಆದರೆ ಅತ್ತೆ ಗಂಜಿ ಮುಟ್ಟಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರು. "ಹೊಟ್ಟೆಗೆ ತಗೊಳ್ಳದಿದ್ರೆ ಕಷ್ಟ" ಎಂದರು ಡಾಕ್ಟರು. ನಾನು ಎಷ್ಟು ಗೋಗರೆದರೂ ಅತ್ತೆಯದು ಒಂದೇ ಮಾತು: "ಚೆಲುವೀನ ಯಾರು ನೋಡ್ಕೊಳ್ತಿದಾರೋ. ಅವಳು ತಿಂದಳೋ ಇಲ್ವೋ." ಆ ಸಂಜೆ ಊರಿಗೆ ಹೋಗಿ ಮಾವನಿಗೆ ಇದನ್ನು ಹೇಳಿದೆ. ಅವರು ಕೇಳಿಸಿಕೊಂಡು ಹಿತ್ತಿಲಿಗೆ ಎದ್ದುಹೋದರು; ನಾನು ರಾತ್ರಿಯೇ ಆಸ್ಪತ್ರೆಗೆ ಮರಳಿದೆ.

ಮರುದಿನ ಬೆಳಗಿನ ರೈಲಿಗೆ ಮಾವ ಬಂದರು. ಬೆನ್ನಿಗೆ ಹಗ್ಗದಲ್ಲಿ ಬಿಗಿದುಕೊಂಡ ಚಿತ್ರಪಟ! ಡಬ್ಬಿಯ ತುಂಬ ಜನ ನಕ್ಕಿರಬೇಕು, ಸ್ಟೇಷನ್ನಿನಿಂದ ಆಸ್ಪತ್ರೆಯವರೆಗೂ ಜನ ನಿಂತು ನೋಡಿರಬೇಕು. ವಾರ್ಡಿನ ಬಾಗಿಲಲ್ಲಿ ನರ್ಸಮ್ಮ ತಡೆದರು.

"ಏನ್ರೀ ಇದು? ಒಳಗೆ ತರೋ ಹಾಗಿಲ್ಲ."

"ಮನೆಯವರಿಗೆ ನೋಡೋಕೆ ಬಿಡ್ತೀರಲ್ಲ?" ಎಂದರು ಮಾವ. "ಇವಳು ಮನೆಯವಳೇ."

ನರ್ಸಮ್ಮ ಚೆಲುವಿಯ ಹುಬ್ಬು ನೋಡಿ, ನಗು ನುಂಗಿ, ದಾರಿ ಬಿಟ್ಟರು. ಮಾವ ಚಿತ್ರವನ್ನು ಮಂಚದ ಕಾಲಬದಿಗೆ ಒರಗಿಸಿದರು. ಅತ್ತೆ ಮೆಲ್ಲಗೆ ತಿರುಗಿದರು.

"ಹಾಲು ಯಾರು ಕರೀತಿದಾರೆ?"

"ನಾನೇ."

"ನಿಮಗೆಲ್ಲಿ ಬಿಡ್ತಾಳೆ ಅವಳು?"

ಮಾವ ಸುತ್ತಲಿನ ಮಂಚಗಳನ್ನೊಮ್ಮೆ ನೋಡಿ ದನಿ ತಗ್ಗಿಸಿದರು. "ನಿನ್ನ ಹಸಿರು ಸೀರೆ ಉಟ್ಕೊಂಡ್ರೆ ಬಿಡ್ತಾಳೆ."

ಪಕ್ಕದ ಮಂಚದ ಮುದುಕಿ ಕಿಸಕ್ಕನೆ ನಕ್ಕಳು. ಅತ್ತೆ ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು, ನೋವಿಗೆ ಮುಖ ಹಿಂಡುತ್ತಾ ನಕ್ಕರು. ಆಮೇಲೆ ನಗು ನಿಲ್ಲಿಸಿ, "ಇಲ್ಲಿ ಬನ್ನಿ" ಎಂದು ಮಾವನನ್ನು ಮಂಚದ ಅಂಚಿನಲ್ಲಿ ಕೂರಿಸಿಕೊಂಡರು. ಹಗ್ಗ ಒತ್ತಿ ಅಂಗಿಯ ಭುಜ ಹರಿದಿತ್ತು, ಕೆಳಗೆ ಚರ್ಮ ಕೆಂಪಗಾಗಿತ್ತು. ಅಷ್ಟೂ ಜನರ ಎದುರಿಗೆ ಅತ್ತೆ ಅಲ್ಲಿ ಅಂಗೈಯಿಟ್ಟು ತಿಕ್ಕತೊಡಗಿದರು. ಮಾವ ತಲೆ ತಗ್ಗಿಸಿ ಗಂಜಿಯ ಬಟ್ಟಲಿಗೆ ಕೈ ಚಾಚಿದರು.

ಚೆಲುವಿ ರೆಪ್ಪೆ ಬಿಟ್ಟುಕೊಂಡು ಎದುರಿಗೇ ನಿಂತಿದ್ದಳು. ಅತ್ತೆ ಅತ್ತ ತಿರುಗಿಯೂ ನೋಡಲಿಲ್ಲ.