ಕನ್ನಡಿಗೆ ಅಂಟಿದ ಪಂಚಾಕ್ಷರಯ್ಯ

“ಪಂಕಜಾ, ಇದು ಬರೀ ಗೋಂದಲ್ಲ ಕಣೇ! ಬೆಳಕನ್ನೇ ಹಿಡಿದು ಕೂರಿಸೋ ಗೋಂದು!”

ನಮ್ಮೆಜಮಾನರು ಸದಾಶಿವಯ್ಯನವರು ಪಾಲಿಟೆಕ್ನಿಕ್ಕಿನಿಂದ ನಿವೃತ್ತರಾದ ಮೇಲೆ ನನ್ನ ಅಡುಗೆಮನೆಯೇ ಅವರ ಲ್ಯಾಬು. ನನ್ನ ಒಗ್ಗರಣೆ ಸೌಟಿನಲ್ಲಿ ಏನೋ ನೀಲಿ ಗಂಜಿ ಕಾಯಿಸಿಕೊಂಡು ಕಾರಿನ ಪಕ್ಕ ನಿಂತಿದ್ದರು. ಬೆಳಿಗ್ಗೆ ನಾನು ಬಾಗಿಲು ಹಾಕಿದ ರಭಸಕ್ಕೆ ಎಡಗಡೆಯ ಸೈಡ್ ಮಿರರ್‌ನ ಗಾಜು ಕಳಚಿ ಬಿದ್ದಿತ್ತು. ಪುಣ್ಯಕ್ಕೆ ಒಡೆದಿರಲಿಲ್ಲ.

“ಸುಮ್ನೆ ಡಬಲ್ ಟೇಪ್ ಹಾಕಿ ಅಂಟ್ಸಿ ಅಂದ್ರೆ ಕೇಳಲ್ವಲ್ರೀ! ಹನ್ನೊಂದು ಗಂಟೆಗೆ ನನ್ನ ಡ್ರೈವಿಂಗ್ ಟೆಸ್ಟು!”

“ಟೇಪಂತೆ ಟೇಪು! ನೋಡ್ತಿರು ನೀನು!”

ಅದು ನನ್ನ ಮೂರನೇ ಟೆಸ್ಟು. ಹಿಂದಿನ ಎರಡು ಸಲವೂ ರಿವರ್ಸ್ ಬರುವಾಗ ಕಂಬ ಕೆಡವಿ ಫೇಲಾಗಿದ್ದೆ. ಅರಸೀಕೆರೆಯ ತಂಗಿ ಮನೆಗೆ ಕರೆದುಕೊಂಡು ಹೋಗಿ ಅಂದರೆ ಇವರು “ಈ ಪ್ರಯೋಗ ಒಂದು ಮುಗೀಲಿ” ಅನ್ನುತ್ತಾರೆ. ಆರು ವರ್ಷವಾಯಿತು, ಮುಗಿದಿಲ್ಲ! ಬಸ್ಸು ಬೇಕಾದಷ್ಟಿವೆ, ನಿಜ. ಆದರೆ ನನ್ನ ಕಾರನ್ನು ನಾನೇ ಓಡಿಸಿಕೊಂಡು ಹೋಗಿ ಅವಳ ಮನೆ ಮುಂದೆ ಹಾರನ್ ಹೊಡೆಯಬೇಕು. ಅದೇ ನನ್ನ ಆಸೆ.

ಇವರು ಹಳೆಯ ಗೋಂದು ಕೆರೆದು, ಸ್ಪಿರಿಟ್ಟಿನಲ್ಲಿ ಒರೆಸಿ, ನೀಲಿ ಗಂಜಿ ಬಳಿದು ಗಾಜು ಒತ್ತಿದರು. “ಅರ್ಧ ಗಂಟೆ ಯಾರೂ ಮುಟ್ಟಬಾರದು” ಅಂದರು. ಮುಟ್ಟಬಾರದು ಅಂದರೇ ಹೊರತು ನೋಡಬಾರದು ಅನ್ನಲಿಲ್ಲ!

ಪಕ್ಕದ ಮನೆಯ ಪಂಚಾಕ್ಷರಯ್ಯನವರಿಗೆ ಹಾಲು ತರಲು ಹೋಗುವಾಗ ನಮ್ಮ ಕಾರಿನ ಕನ್ನಡಿಯಲ್ಲಿ ತಲೆ ಬಾಚುವ ಅಭ್ಯಾಸ. ಇರುವುದೇ ಒಂಬತ್ತು ಕೂದಲು, ಅದಕ್ಕೆ ಐದು ನಿಮಿಷ! ಅಂದೂ ಬಾಚಿಕೊಂಡು ಹೋದರು. ಅವರು ಹೋದರು, ಕನ್ನಡಿಯಲ್ಲಿದ್ದ ಅವರ ಮುಖ ಹೋಗಲಿಲ್ಲ!

“ರೀ! ಇಲ್ಲಿ ಬನ್ನಿ! ಪಂಚಾಕ್ಷರಯ್ಯನೋರು ಒಳಗೇ ಉಳ್ಕೊಂಡಿದಾರೆ!”

ಕನ್ನಡಿಯೊಳಗಿನ ಮುಖ ಏನನ್ನೋ ಬಾಯಿಗಿಟ್ಟು ಅಗಿಯತೊಡಗಿತು. ಅವರು ಹಾಲು ತಂದಾಗಿತ್ತು, ಪಕ್ಕದ ಮನೆಯಲ್ಲಿ ತಿಂಡಿಯ ಹೊತ್ತು.

“ಆಹಾ! ಪ್ರತಿಬಿಂಬವೇ ಅಂಟ್ಕೊಂಡಿದೆ! ಪಂಕಜಾ, ಇದು ಚರಿತ್ರೆ!”

“ನಿಮ್ಮ ಚರಿತ್ರೆಗಿಷ್ಟು! ನಾನು ಹಿಂದೆ ಏನಿದೆ ಅಂತ ನೋಡ್ಲಾ, ಇವರು ಉಪ್ಪಿಟ್ಟು ತಿನ್ನೋದು ನೋಡ್ಲಾ?”

ಜಗಳಕ್ಕೂ ಪುರಸೊತ್ತಿರಲಿಲ್ಲ, ಹೊರಟೆವು. ಟೆಸ್ಟಿನ ಮೈದಾನದಲ್ಲಿ ಇನ್‌ಸ್ಪೆಕ್ಟರು ಕಾರಿಗೆ ಒಂದು ಸುತ್ತು ಬಂದರು. ಪಂಚಾಕ್ಷರಯ್ಯ ಆಗ ಮನೆಯಲ್ಲಿ ಬಗ್ಗಿ ಚಪ್ಪಲಿ ಹುಡುಕುತ್ತಿದ್ದರೇನೋ, ಗಾಜಿನ ತುಂಬ ಬೋಳುತಲೆ ಫಳಫಳ ಹೊಳೆಯುತ್ತಿತ್ತು.

“ಕನ್ನಡಿ ಚೆನ್ನಾಗಿ ಒರೆಸಿದೀರಮ್ಮ” ಅಂದರು ಇನ್‌ಸ್ಪೆಕ್ಟರು!

ರಿವರ್ಸ್ ಬಂತು. ಎಡಗಡೆ ನೋಡಿದರೆ ಪಂಚಾಕ್ಷರಯ್ಯ ಬಾಯ್ತುಂಬ ಆಕಳಿಸುತ್ತಿದ್ದಾರೆ! ಅಳು ಬಂತು. ಬೇರೆ ದಾರಿಯಿಲ್ಲದೆ ಕತ್ತು ತಿರುಗಿಸಿ ಹಿಂದೆ ನೋಡಿದೆ. ಕಂಬಗಳು ಇದ್ದಲ್ಲೇ ಕಂಡವು. ನಿಧಾನಕ್ಕೆ ಅವುಗಳ ನಡುವೆ ಬಂದು ನಿಲ್ಲಿಸಿದೆ.

“ಹೋದ ಎರಡು ಸಲ ಕನ್ನಡೀನೇ ನೆಚ್ಕೊಂಡು ಕಂಬ ಕೆಡವಿದ್ರಿ. ಈ ಸಲ ತಿರುಗಿ ನೋಡಿದ್ರಿ. ಪಾಸ್!”

ಎಷ್ಟು ಖುಷಿಯಾಯಿತೆಂದರೆ ಹಾರನ್ ಒತ್ತಿಯೇಬಿಟ್ಟೆ! ಇನ್‌ಸ್ಪೆಕ್ಟರು ಸಹಿ ಹಾಕಿ, ಸುಮ್ಮನೆ ಹೋಗಬಾರದೇ? ಬಗ್ಗಿ ನಮ್ಮ ಕನ್ನಡಿಯಲ್ಲಿ ಮೀಸೆ ತಿರುವಿದರು. ‘ಪಚಕ್’ ಅಂತ ಸದ್ದಾಯಿತು. ಒಳಗೆ ಪಂಚಾಕ್ಷರಯ್ಯ ಸ್ವಲ್ಪ ಸರಿದು ಜಾಗ ಕೊಟ್ಟರು. ಇವರನ್ನು ಕಾರು ಹತ್ತಿಸಿಕೊಂಡು ಓಟ ಕಿತ್ತೆ!

ಮನೆಯ ಗೇಟಿನಲ್ಲಿ ಪಂಚಾಕ್ಷರಯ್ಯ ಕೂಗಾಡುತ್ತಿದ್ದರು. “ಸದಾಶಿವಯ್ಯನೋರೇ! ನಮ್ಮನೆ ಕನ್ನಡೀಲಿ ನನ್ನ ಬನಿಯನ್ ಇದೆ, ಬಾಚಣಿಗೆ ಇದೆ, ತಲೆನೇ ಇಲ್ಲ! ನಮ್ಮವಳು ನೋಡಿ ಹಾಸಿಗೆ ಹಿಡಿದಿದಾಳೆ!”

ಮರುದಿನ ಬೆಳಿಗ್ಗೆ ಇನ್‌ಸ್ಪೆಕ್ಟರೂ ಸ್ಕೂಟರಿನಲ್ಲಿ ಬಂದಿಳಿದರು. ಒಂದು ಕಡೆಯ ಮೀಸೆ ಗಿಡ್ಡ, ಇನ್ನೊಂದು ಕಡೆಯದು ಉದ್ದ! “ಏನ್ರೀ ಇದು? ಯಾವ ಕನ್ನಡೀಲೂ ನನ್ನ ಮುಖ ಇಲ್ಲ! ಅಂದಾಜಿನ ಮೇಲೆ ಕತ್ತರಿ ಹಾಕೋ ಹಾಗಾಯ್ತಲ್ರೀ!”

“ಬಿಡ್ಸಿಕೊಡ್ರೀ ಅವರಿಗೆ!” ಅಂದೆ.

“ಬಿಡಿಸೋ ಮದ್ದು ಇನ್ನೂ ಕಂಡುಹಿಡಿದಿಲ್ಲ” ಅಂದರು ಇವರು, ತಲೆ ಕೆರೆದುಕೊಳ್ಳುತ್ತ. ಕನ್ನಡಿ ನೋಡಿಯೇ ಆರು ವರ್ಷವಾಗಿರುವ ಮನುಷ್ಯ, ಇವರಿಗೇನು ಅಂಟುತ್ತದೆ!

ಅಂದಿನಿಂದ ದಿನಾ ಏಳು ಗಂಟೆಗೆ ನಮ್ಮ ಕಾರಿನ ಮುಂದೆ ಬಾಚಣಿಗೆ, ಕತ್ತರಿಗಳ ಸಾಲು. ನಾನು ಕೀಲಿ ಹಿಡಿದು ಬಂದರೆ “ಒಂದೇ ನಿಮಿಷ ಅಮ್ಮಾ” ಅನ್ನುತ್ತಾರೆ. ಲೈಸೆನ್ಸ್ ಕೈಯಲ್ಲಿದೆ, ಕಾರು ಮಾತ್ರ ಕದಲುವಂತಿಲ್ಲ! ನಾಲ್ಕನೆಯ ದಿನ ತಡೆಯಲಾಗದೆ ಬಾಗಿಲನ್ನು ರಪ್ಪನೆ ಹಾಕಿದೆ. ಗಾಜು ಕಳಚಿ ಕೈಗೆ ಬಂತು! ಇವರ ಗೋಂದು ಎರಡು ಮುಖಗಳನ್ನು ಹಿಡಿದಿತ್ತೇ ವಿನಾ ಗಾಜನ್ನು ಹಿಡಿದಿರಲಿಲ್ಲ.

ಮುಖಗಳ ಸಮೇತ ಆ ಗಾಜನ್ನು ಗೇಟಿನ ಕಂಬಕ್ಕೆ ದಾರದಿಂದ ಕಟ್ಟಿದೆ. ಹೊಸ ಗಾಜು ತರಿಸಿ, ಡಬಲ್ ಟೇಪ್ ಹಾಕಿ ನಾನೇ ಅಂಟಿಸಿದೆ. ನಾಲ್ಕು ನಿಮಿಷದ ಕೆಲಸ!

ಅರಸೀಕೆರೆಗೆ ಹೊರಟಾಗ ಮೂವರೂ ಗೇಟಿನ ಬಳಿ ನಿಂತು ಕೈ ಬೀಸಿದರು. ಹೊಸ ಕನ್ನಡಿಯಲ್ಲಿ ನೋಡಿದೆ. ಮೂವರಲ್ಲಿ ತಲೆ ಇದ್ದದ್ದು ನಮ್ಮೆಜಮಾನರಿಗೆ ಒಬ್ಬರಿಗೇ. ನಂಬಿಕೆ ಬರಲಿಲ್ಲ, ಕತ್ತು ತಿರುಗಿಸಿ ಇನ್ನೊಮ್ಮೆ ನೋಡಿಕೊಂಡೆ.