ಟ್ಯೂಬಾಕ್ಕೊಂದು ಸೀಟು, ಶಾಲೆಗೊಂದು ವೋಟು

ಕಳೆದ ನವೆಂಬರಿನಲ್ಲಿ ನಮ್ಮೂರಿನ ಶಾಲಾ ತೆರಿಗೆಯನ್ನು ಮಣ್ಣುಮುಕ್ಕಿಸಿದ ಮಹಾಪುರುಷರಲ್ಲಿ ನಾನೂ ಒಬ್ಬ. ಒಹಾಯೊದ ನಮ್ಮಂಥ ಊರುಗಳಲ್ಲಿ ಶಾಲೆಗೆ ದುಡ್ಡು ಸಾಲದಿದ್ದರೆ ಮನೆ ತೆರಿಗೆ ಏರಿಸಬೇಕು; ಏರಿಸಬೇಕೋ ಬೇಡವೋ ಎಂದು ತೆರಿಗೆ ಕಟ್ಟುವವರೇ ವೋಟು ಹಾಕಬೇಕು. (ಕೋಳಿ ಕೇಳಿ ಮಸಾಲೆ ಅರೆಯುವ ಸಭ್ಯರು ನಾವು.) ನಾನು ಅಂಗಳದಲ್ಲಿ ‘ಬೇಡ’ ಎಂಬ ಫಲಕ ನೆಟ್ಟೆ. ನನ್ನ ಹೆಂಡತಿ ಡೋರೀನ್ ಪಕ್ಕದಲ್ಲೇ ಅದರ ಎರಡರಷ್ಟು ದೊಡ್ಡ ‘ಬೇಕು’ ನೆಟ್ಟಳು. ಮದುವೆಯಾದ ಮೇಲೆ ಮೊದಲ ಬಾರಿಗೆ ಗೆಲುವು ನನ್ನದಾಯಿತು.

ಜನವರಿಯಲ್ಲಿ ದುಡ್ಡಿಲ್ಲವೆಂದು ಶಾಲೆಯವರು ಬಸ್ಸು ನಿಲ್ಲಿಸಿದರು.

“ಮಾಡಿದ್ದುಣ್ಣೋ ಮಹರಾಯ! ನಾಳೆ ಬೆಳಗ್ಗೆ ಆರೂವರೆಗೆ ನಿಮ್ಮ ವಿಜಯಯಾತ್ರೆ ಶುರು,” ಎಂದು ಡೋರೀನ್ ವ್ಯಾನಿನ ಕೀಲಿ ಕೈಗಿಟ್ಟಳು.

ವ್ಯಾನಿನಲ್ಲಿ ನಮ್ಮ ಮಗಳು ಟೆಸ್, ಅವಳು ಶಾಲಾ ಬ್ಯಾಂಡಿನಲ್ಲಿ ಊದುವ ಟ್ಯೂಬಾ (ಆ ಹಿತ್ತಾಳೆ ಕುಂಭಕರ್ಣನಿಗೇ ಒಂದು ಸೀಟು), ಜೊತೆಗೆ ನಮ್ಮ ಬೀದಿಯ ಐದು ಮಕ್ಕಳು. ನಾನು ಗಾಜಿನ ಮೇಲಿನ ಹಿಮ ಕೆರೆಯುತ್ತಿದ್ದರೆ, ‘ಬೇಕು’ ಎಂದು ವೋಟು ಹಾಕಿದ್ದ ಅಪ್ಪಂದಿರು ಬಾಗಿಲಲ್ಲಿ ಕಾಫಿ ಹೀರುತ್ತಾ ಕೈಬೀಸುತ್ತಿದ್ದರು.

ಅದೇ ತೆರಿಗೆ ಮೇ ತಿಂಗಳಲ್ಲಿ ಮತ್ತೆ ವೋಟಿಗೆ ಬಂತು.

“ಅಪ್ಪಾ, ಈ ಸಲಾನೂ ಸೋತ್ರೆ ಬ್ಯಾಂಡೂ ಇರಲ್ವಂತೆ,” ಎಂದಳು ಟೆಸ್, ಟ್ಯೂಬಾ ತಬ್ಬಿಕೊಂಡು. ಅಂದೇ ‘ಬೇಡ’ ಫಲಕವನ್ನು ಕಿತ್ತು ಒಲೆಗೆ ಹಾಕಿದೆ.

ವೋಟಿನ ದಿನ ಬೆಳಗ್ಗೆಯಿಂದ, ನಮ್ಮ ಮತಗಟ್ಟೆಯಾಗಿದ್ದ ಚರ್ಚಿನ ಮುಂದೆ ನಿಂತೆ. ಬಾಗಿಲಿಂದ ದೂರ ನೆಟ್ಟ ಪುಟ್ಟ ಬಾವುಟಗಳನ್ನು ದಾಟಿ ಪ್ರಚಾರ ಮಾಡುವಂತಿಲ್ಲ. ಈಚೆಯೇ ನಿಂತು ಗಂಟಲು ಹರಿದುಕೊಂಡೆ. ಬಿಡುವಾದಾಗ ವ್ಯಾನಿನಲ್ಲಿ ಮುದುಕರನ್ನು ಹೊತ್ತು ತಂದೆ. ಎಂಬತ್ತೆಂಟರ ಮಿಸೆಸ್ ಓರ್ಟ್‌ಮನ್ ಅವರನ್ನು ಮಾತ್ರ, ಎದೆಯ ಮೇಲಿನ ಪ್ರಚಾರದ ಬಿಲ್ಲೆ ಕಳಚಿಟ್ಟು, ಕೈಹಿಡಿದು ಒಳಗೇ ಕರೆದೊಯ್ದೆ. ಹೊರಬರುವಾಗ ಮತಗಟ್ಟೆಯ ಹೆಂಗಸು ‘ನಾನು ವೋಟು ಹಾಕಿದೆ’ ಎಂಬ ಚೀಟಿಯನ್ನು ಅವರ ಎದೆಗೆ ಅಂಟಿಸಿ, ಅದೇ ಕೈಯಲ್ಲಿ ನನಗೂ ಒಂದು ಅಂಟಿಸಿದಳು.

“ನಿನ್ನಂಥೋನು ಊರಿಗೊಬ್ಬ ಇದ್ರೆ ಸಾಕು ಕಣಪ್ಪಾ,” ಎಂದರು ಮಿಸೆಸ್ ಓರ್ಟ್‌ಮನ್. ಆ ಉಬ್ಬಿನಲ್ಲಿ ಚರ್ಚಿನ ಹೆಂಗಸರು ಮಾರುತ್ತಿದ್ದ, ಸೇಬಿನ ಹೂರಣ ತುಂಬಿದ ಪೈ ಎರಡು ತುಂಡು ತಿಂದು, ಬಾಗಿಲು ಮುಚ್ಚುವವರೆಗೂ ಬಾವುಟದ ಬಳಿ ದುಡಿದೆ.

ಊಟ ಮುಗಿಯುವಷ್ಟರಲ್ಲಿ ಫಲಿತಾಂಶ ಬಂತು. ಪರ ಆರುನೂರ ನಲವತ್ತೊಂದು. ವಿರುದ್ಧವೂ ಆರುನೂರ ನಲವತ್ತೊಂದು.

“ಸಮ ಬಂದ್ರೆ ಸೋತ ಹಾಗೇ ಲೆಕ್ಕ,” ಎಂದಳು ಡೋರೀನ್, ತಲೆಯ ಮೇಲೆ ಕೈಹೊತ್ತು.

ನಾನು ಮೇಜು ಗುದ್ದಿದೆ. “ಒಂದೇ ಒಂದು ವೋಟು! ಯಾವನೋ ಸೋಂಬೇರಿ ಮನೇಲಿ ಬಿದ್ಕೊಂಡಿದ್ದಾನೆ!”

“ಅವ್ನು ನನ್ನ ಕೈಗೆ ಸಿಗ್ಲಿ, ಜೀವಮಾನ ಪೂರ್ತಿ ಮಕ್ಕಳನ್ನ ಅವನೇ ಹೊರ್ಲಿ!” ಎಂದು ಡೋರೀನ್ ದನಿಗೂಡಿಸಿದಳು.

ಟೆಸ್ ಕಣ್ಣೊರೆಸಿಕೊಂಡು ಕೇಳಿದಳು: “ಅಪ್ಪಾ, ನೀನು ಯಾವಾಗ ಹಾಕ್ದೆ? ಬೆಳಗ್ಗೆನಾ, ಸಂಜೆನಾ?”

ಬೆಳಗ್ಗೆ ಬಾವುಟದ ಬಳಿ ಇದ್ದೆ. ಮಧ್ಯಾಹ್ನ ಮಿಸೆಸ್ ಓರ್ಟ್‌ಮನ್ ಜೊತೆ. ಆಮೇಲೆ ಪೈ, ಮತ್ತೆ ಬಾವುಟ. ಎದೆಯ ಮೇಲಿನ ಚೀಟಿಯನ್ನು ಮೆಲ್ಲಗೆ ಕೈಯಿಂದ ಮುಚ್ಚಿಕೊಂಡೆ.

“ಹೇಳ್ರೀ,” ಎಂದಳು ಡೋರೀನ್.

“ಪೈ ಬಹಳ ಚೆನ್ನಾಗಿತ್ತು ಕಣೇ.”

“ಮನೆಗೆ ಮಾರಿ, ಊರಿಗೆ ಉಪಕಾರಿ!” ಎಂದು ಶುರುವಾದ ಅವಳ ಭಾಷಣ ಇನ್ನೂ ಮುಗಿದಿಲ್ಲ. ಟೆಸ್ ಟ್ಯೂಬಾ ಹೊತ್ತುಕೊಂಡು ತನ್ನ ಕೋಣೆಗೆ ಹೋದಳು. ಅದೇ ಹೆಚ್ಚು ನೋಯಿತು.

ನವೆಂಬರಿನಲ್ಲಿ ಮತ್ತೆ ವೋಟಿದೆ. ಅಂದು ನನ್ನನ್ನು ಕೈಹಿಡಿದು ಒಳಗೆ ಕರೆದೊಯ್ಯುವ ಹೊಣೆಯನ್ನು ಮಿಸೆಸ್ ಓರ್ಟ್‌ಮನ್ ವಹಿಸಿಕೊಂಡಿದ್ದಾರೆ.