ಒಂದೇ ಕರೆಗೆ ಏಳದ ಚಿಕ್ಕಮ್ಮ

ನನ್ನ ಚಿಕ್ಕಮ್ಮ ಕಿವುಡಿಯಲ್ಲ. ಆದರೆ ಗಂಗೊಳ್ಳಿಯ ಅರ್ಧ ಜನ ಹಾಗೆಂದೇ ನಂಬಿದ್ದರು. ಅವಳ ಹೆಸರು ಬೇಡ. ಒಂದು ಸಲ ಹೇಳಿ ಪ್ರಯೋಜನವೂ ಇರಲಿಲ್ಲವೆನ್ನಿ!

ಮುಸ್ಸಂಜೆಯಲ್ಲಿ ಹೊಳೆಯ ಕಡೆಯಿಂದ ಯಾರಾದರೂ ಕರೆದರೆ ಮೊದಲ ಕೂಗಿಗೆ ಓಗೊಡಬಾರದು, ಸತ್ತವರು ಕರೆಯುವುದು ಒಂದೇ ಸಲ ಎಂದು ನಮ್ಮ ಮನೆಯಲ್ಲಿ ನಂಬಿಕೆ. ಓಗೊಟ್ಟವರು ಅವರ ಹಿಂದೆಯೇ ಹೋಗಿಬಿಡುತ್ತಾರಂತೆ. ನಾವೆಲ್ಲ ಕತ್ತಲಾದ ಮೇಲಷ್ಟೇ ಹೆದರುತ್ತಿದ್ದೆವು. ಚಿಕ್ಕಮ್ಮನಿಗೆ ಮಟಮಟ ಮಧ್ಯಾಹ್ನವೂ ಅದೇ ಕಾನೂನು! ದೋಣಿಯಿಂದ ಹಸಿದು ಬಂದ ಅಜ್ಜ ಬಾಗಿಲಲ್ಲಿ ಕರೆದರೂ ಅವಳು ಕದಲುತ್ತಿರಲಿಲ್ಲ.

“ಮನ್ಷ್ರಾರೆ ಇನ್ನೊಂದ್ ಸಲ ಕರೀಲಿ ಕಾಂಬ,” ಎನ್ನುತ್ತಿದ್ದಳು.

ಅವಳನ್ನು ಹಡೆದ ದಿನವೇ ಅವಳ ಅಬ್ಬಿ, ಅಂದರೆ ನನ್ನ ಅಜ್ಜಿ, ತೀರಿಕೊಂಡಿದ್ದರು. ಸಾಕಿದ್ದು ಅಕ್ಕ, ಅಂದರೆ ನನ್ನ ಅಮ್ಮ. ಚಿಕ್ಕಮ್ಮ ಮೀನು ಒಣಗಿಸುತ್ತ ಹಾಡಿದರೆ ಕಾಗೆಗಳೂ ಕದಿಯುವುದನ್ನು ಮರೆಯುತ್ತಿದ್ದವು. (ಸ್ವಲ್ಪ ಉತ್ಪ್ರೇಕ್ಷೆ ಇದೆ, ಒಂದೆರಡು ಕದಿಯುತ್ತಿದ್ದವು.)

ಅರವತ್ತರ ದಶಕದಲ್ಲೊಮ್ಮೆ ರೇಡಿಯೋದವರು ಕುಂದಾಪುರದಲ್ಲಿ ಹಾಡಿನ ಸ್ಪರ್ಧೆ ಇಟ್ಟರು. ಗೆದ್ದವರಿಗೆ ರೇಡಿಯೋದಲ್ಲಿ ಹಾಡುವ ಅವಕಾಶ. ಸೋತರೆ ಹಾಡು ಬಿಟ್ಟು ಮದುವೆಗೆ ಒಪ್ಪುತ್ತೇನೆಂದು ಚಿಕ್ಕಮ್ಮ ಅಜ್ಜನಿಗೆ ಮಾತು ಕೊಟ್ಟಿದ್ದಳು. ಜೊತೆಗೆ ಹೋದವನು ನಾನು.

ವೇದಿಕೆಯಿಂದ ಅವಳ ಹೆಸರು ಕರೆದರು. ಒಂದೇ ಸಲ! ಏಳುತ್ತಾಳೆಯೇ? ಕಣ್ತುಂಬ ನೀರಿದ್ದರೂ ಕುರ್ಚಿ ಬಿಡಲಿಲ್ಲ. ಅವರು ಮುಂದಿನವರನ್ನು ಕರೆಯಲು ಹೊರಟರು. ನಾನು ಕೂಗಲು ಬಾಯಿ ತೆರೆಯುವ ಮೊದಲೇ ಚಿಕ್ಕಮ್ಮ ತಟ್ಟನೆ ಎದ್ದು, ಹಿಂದಿನ ಬಾಗಿಲ ಕಡೆ ತಿರುಗಿ, “ಓ, ಬಂದೆ,” ಎಂದಳು.

ಬಾಗಿಲಲ್ಲಿ ಯಾರೂ ಇರಲಿಲ್ಲ. ಅವಳು ವೇದಿಕೆ ಹತ್ತಿ ಆ ಖಾಲಿ ಬಾಗಿಲನ್ನೇ ನೋಡುತ್ತ ಹಾಡಿದಳು, ಗೆದ್ದಳು. ಮುಂದೆ ಬೈಂದೂರಿನಿಂದ ಬ್ರಹ್ಮಾವರದವರೆಗೆ ಹೋಟೆಲಿನ ರೇಡಿಯೋಗಳಲ್ಲೆಲ್ಲ ಅವಳದೇ ಸ್ವರ.

ಅಂದು ದೋಣಿಯಲ್ಲಿ ಮರಳುವಾಗ ಕೇಳಿದೆ: “ಎರಡ್ನೇ ಸಲ ಕರದದ್ದ್ ಯಾರ್ ಚಿಕ್ಕಿ?”

“ಅಬ್ಬಿ.”

“ಅಬ್ಬಿ ಸ್ವರ ನೀ ಕೇಂಡದ್ದೇ ಇಲ್ಯಲೆ?”

“ಅಬ್ಬಿ ಕರದ್ರೆ ಗೊತ್ತಾತ್ತಿಲ್ಯಾ ಮಗಾ?”

ಅಂದಿನಿಂದ ಅವಳ ಕಾನೂನು ತಿರುಗಿಬಿತ್ತು. ಯಾರು ಕರೆದರೂ ಮೊದಲ ಕರೆಗೇ ಓಡುತ್ತಾಳೆ. ಮುಸ್ಸಂಜೆ ಹೊತ್ತು ಯಾರೂ ಕರೆಯದಿದ್ದರೂ ಕೆಲವೊಮ್ಮೆ ಎದ್ದು ಹೊಳೆಯ ಕಡೆ ನಡೆಯುತ್ತಾಳೆ. ಅಮ್ಮ ಹೆದರಿ ಕೈಹಿಡಿದು ನಿಲ್ಲಿಸಿದರೆ ಮೆಲ್ಲಗೆ ಬಿಡಿಸಿಕೊಳ್ಳುತ್ತಾಳೆ.

“ಅಬ್ಬಿ ಕರೂದ್ ಒಂದೇ ಸಲ ಅಲ್ದಾ ಅಕ್ಕ? ನಾ ಇಲ್ಲೇ ಕೂತ್ಕಂಡ್ರೆ, ಮಗ್ಳ್ ಮನಿಯಂಗೆ ಇಲ್ಲ ಅಂದ್ಕಂಡ್ ಹೋಯ್ ಬಿಡ್ತ್ಳ್.”